ವಾದದೊಳಗಿನ ಗೃಹೀತ ಹುಡುಕಲು ಎಂಟು ಭಾನುವಾರ: ದುರ್ಗಿಗುಡಿಯ ಒಂದು ತರಗತಿ, ಅದರ ನೋಟ್ಸು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೋಚಿಂಗ್ ಬೋರ್ಡುಗಳಿಗೆ ಬರವಿಲ್ಲ. ಹೆಚ್ಚಿನವರು ಗಣಿತ, ಸಾಮಾನ್ಯ ಜ್ಞಾನ, ಇಂಗ್ಲಿಷ್ ಹೇಳಿಕೊಡುತ್ತಾರೆ. ತರ್ಕದ ಪ್ರಶ್ನೆಗಳಿಗೇ, ಅದರಲ್ಲೂ ವಾದ ಮಾಡುವವನು ಬಾಯಿಬಿಟ್ಟು ಹೇಳದೆ ಒಳಗೇ ಇಟ್ಟುಕೊಂಡ ಗೃಹೀತವನ್ನು ಪತ್ತೆ ಹಚ್ಚುವ ಪ್ರಶ್ನೆಗಳಿಗೇ ಎಂಟು ಭಾನುವಾರ ಮೀಸಲಿಟ್ಟ ಬ್ಯಾಚ್ ಅಪರೂಪ. ಮಹಡಿ ಮೇಲೊಂದು ಕೋಣೆ, ಮೂವತ್ತು ಕುರ್ಚಿ, ಬೆಳಿಗ್ಗೆ 10ರಿಂದ ಮಧ್ಯಾಹ್ನ 1. ಶುಲ್ಕ 3,200 ರೂಪಾಯಿ. 112 ಪುಟದ ಸ್ಪೈರಲ್ ಬೈಂಡಿಂಗ್ ನೋಟ್ಸಿಗೆ ಬೇರೆ 250. ಸಂಸ್ಥೆಯ ಹೆಸರು ಇಲ್ಲಿ ಬೇಡ. ನೋಟ್ಸಿನ ಜೆರಾಕ್ಸ್ ಪ್ರತಿಗಳು ಆಗಲೇ ಸಾಗರ, ತೀರ್ಥಹಳ್ಳಿ ಮುಟ್ಟಿವೆ, ಅದರ ತಪ್ಪುಗಳೂ ಜೊತೆಗೇ ಹೋಗಿವೆ. ಹಾಗಾಗಿ ತರಗತಿಗೆ ಸೇರದವರಿಗೂ ಈ ವಿಮರ್ಶೆ ಉಪಯೋಗಕ್ಕೆ ಬಂದೀತು.

ಮೊದಲೇ ಹೇಳಿಬಿಡುವುದಾದರೆ, ಒಂದು, ಎರಡು, ಮೂರು ಮತ್ತು ಐದನೇ ಭಾನುವಾರಕ್ಕೆ ಕೊಟ್ಟ ದುಡ್ಡು ದಂಡವಲ್ಲ. ನಾಲ್ಕನೆಯದು ಅರ್ಧಂಬರ್ಧ. ಆರು ಮತ್ತು ಏಳು ಎಲೆ ತುಂಬಿಸಲು ಬಡಿಸಿದ ಪಲ್ಯ. ಉತ್ತರಸೂಚಿಯನ್ನಂತೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ.

ಪದದಿಂದಲೇ ಶುರುಮಾಡಬೇಕು. ನೋಟ್ಸಿನ ಉದ್ದಕ್ಕೂ 'ಊಹೆ' ಎಂದೇ ಬರೆದಿದ್ದಾರೆ. ಊಹೆ ಎಂದರೆ ನಮ್ಮ ಮಾತಿನಲ್ಲಿ ಅಂದಾಜು, ಮುಂದೇನಾಗಬಹುದು ಎಂಬ ಲೆಕ್ಕಾಚಾರ. ಪರೀಕ್ಷೆ ಕೇಳುವುದು ಅದನ್ನಲ್ಲ. ವಾದ ನಿಲ್ಲಬೇಕಾದರೆ ನಿಜವಾಗಿರಲೇಬೇಕಾದ, ಆದರೆ ಎಲ್ಲೂ ಬರೆದಿರದ ಮಾತನ್ನು ಅದು ಕೇಳುತ್ತದೆ. ಅದಕ್ಕೆ 'ಗೃಹೀತ' ಒಳ್ಳೆಯ ಪದ, ಬಳಕೆಯಲ್ಲೂ ಇದೆ. 'ಊಹೆ' ಎಂದು ಓದಿದ ಅಭ್ಯರ್ಥಿ ಆಪ್ಷನ್‌ಗಳಲ್ಲಿ 'ಹೀಗಾಗಬಹುದು' ಎನ್ನುವಂಥದ್ದನ್ನು ಹುಡುಕುತ್ತಾನೆ, ಅಂದರೆ ತೀರ್ಮಾನದ ಆಚೆಗೆ ಹೋಗುತ್ತಾನೆ. ಗೃಹೀತ ಇರುವುದು ತೀರ್ಮಾನದ ಆಚೆಗಲ್ಲ, ಆಧಾರಕ್ಕೂ ತೀರ್ಮಾನಕ್ಕೂ ನಡುವೆ. ಹೊಳೆಯ ಸಂಕದ ಎರಡು ದಡ ಕಾಣುತ್ತಿರುತ್ತವೆ, ನಡುವಿನ ಹಲಗೆ ಮಾತ್ರ ಕಾಣುವುದಿಲ್ಲ. ನಮ್ಮ ಕೆಲಸ ಆ ಹಲಗೆ ಯಾವುದೆಂದು ಹೇಳುವುದು.

ಮೊದಲ ಭಾನುವಾರ ಇದನ್ನು ಪೆನ್ಸಿಲ್ ಹಿಡಿಸಿ ಕಲಿಸುತ್ತಾರೆ. ತರಗತಿಯ ಅತ್ಯುತ್ತಮ ಮೂರು ಗಂಟೆ ಇವೇ. ತೀರ್ಮಾನಕ್ಕೆ ಚೌಕ, ಆಧಾರಗಳಿಗೆ ಅಡಿಗೆರೆ. ಕೊನೆಗೆ, ತೀರ್ಮಾನದಲ್ಲಿ ಇದ್ದು ಆಧಾರದಲ್ಲಿ ಎಲ್ಲೂ ಇಲ್ಲದ ಪದಕ್ಕೆ ಸುತ್ತು. ಈ ಮೂರನೇ ಗುರುತೇ ಮುಖ್ಯ, ಏಕೆಂದರೆ ಹೊಸ ಪದ ಎಲ್ಲಿ ನುಸುಳಿದೆಯೋ ಬಿರುಕು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ತೀರ್ಮಾನ ಹುಡುಕುವಾಗ 'ಆದ್ದರಿಂದ', 'ಹಾಗಾಗಿ', 'ಅಂದಮೇಲೆ' ಎಂಬ ಪದಗಳ ಬಾಲ ಹಿಡಿದು ಹೋಗುವವರು ಎರಡು ಕಡೆ ಮುಗ್ಗರಿಸುತ್ತಾರೆ. ತೀರ್ಮಾನ ಮೊದಲ ವಾಕ್ಯದಲ್ಲೇ ಇದ್ದು ಮುಂದಿನದು 'ಏಕೆಂದರೆ' ಎಂದು ಶುರುವಾದಾಗ ಒಮ್ಮೆ. 'ಕೆಲವರು ಹೀಗೆನ್ನುತ್ತಾರೆ, ಆದರೆ ಅದು ಸರಿಯಲ್ಲ' ಎಂಬ ಬಗೆಯ ಗದ್ಯದಲ್ಲಿ ಇನ್ನೊಮ್ಮೆ. ಅಲ್ಲಿ ತೀರ್ಮಾನ 'ಅದು ಸರಿಯಲ್ಲ' ಎಂಬ ಎರಡೇ ಪದ, ಉಳಿದದ್ದೆಲ್ಲ ಅದರ ಆಸರೆ. ಇವೆರಡಕ್ಕೂ ತಲಾ ಆರು ಅಭ್ಯಾಸ ಕೊಟ್ಟಿದ್ದಾರೆ. ಸಾಕಷ್ಟಾಯಿತು.

ಎರಡನೇ ಭಾನುವಾರ ನಿಷೇಧ ಪರೀಕ್ಷೆ, ಅಂದರೆ ಆಪ್ಷನ್ ಸುಳ್ಳು ಎಂದುಕೊಂಡು ವಾದ ಬೀಳುತ್ತದೆಯೇ ಎಂದು ನೋಡುವುದು. ಉದಾಹರಣೆ ಅಡಿಕೆ ತೋಟದ್ದೇ (ಬೋರ್ಡೋ ಎಂದರೆ ಕೊಳೆರೋಗ ತಡೆಯಲು ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ):

'ಈ ತೋಟಕ್ಕೆ ಮಳೆಗಾಲದಲ್ಲಿ ಮೂರು ಸಲ ಬೋರ್ಡೋ ಹೊಡೆದರು, ಕೊಳೆ ಬರಲಿಲ್ಲ. ಪಕ್ಕದ ತೋಟಕ್ಕೆ ಒಂದೇ ಸಲ ಹೊಡೆದರು, ಕೊಳೆ ಬಂತು. ಆದ್ದರಿಂದ ಮೊದಲ ತೋಟ ಉಳಿದದ್ದು ಹೆಚ್ಚು ಸಲ ಔಷಧಿ ಹೊಡೆದದ್ದರಿಂದ.'

ಒಂದು ಆಪ್ಷನ್: 'ಕೊಳೆ ಬರುವ ವಿಷಯದಲ್ಲಿ ಎರಡೂ ತೋಟಗಳ ನಡುವೆ ಬೇರೆ ಮುಖ್ಯ ವ್ಯತ್ಯಾಸ ಇರಲಿಲ್ಲ.' ಇದನ್ನು ತಿರುಗಿಸಿ ನೋಡಿ. ಬೇರೆ ಮುಖ್ಯ ವ್ಯತ್ಯಾಸ ಇತ್ತು. ಪಕ್ಕದ ತೋಟದಲ್ಲಿ ಬಸಿಗಾಲುವೆ ಕಟ್ಟಿಕೊಂಡಿತ್ತು ಎನ್ನಿ, ಅಥವಾ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎಂಬ ಅಳತೆ ಅಲ್ಲಿ ತಪ್ಪಿತ್ತು ಎನ್ನಿ. ವಾದ ಅಲ್ಲೇ ಕುಸಿಯಿತು. ಹಾಗಾಗಿ ಅದು ಬೇಕೇ ಬೇಕಾದ ಗೃಹೀತ. ಇನ್ನೊಂದು ಆಪ್ಷನ್: 'ಮೂರು ಸಲ ಬೋರ್ಡೋ ಹೊಡೆದ ಎಲ್ಲ ತೋಟಗಳೂ ಕೊಳೆಯಿಂದ ಪಾರಾಗುತ್ತವೆ.' ತಿರುಗಿಸಿದರೆ, ಹಾಗೆ ಹೊಡೆದ ತೋಟಗಳಲ್ಲಿ ಒಂದಾದರೂ ಪಾರಾಗಲಿಲ್ಲ. ಆಗಲಿ, ಅದರಿಂದ ನಮ್ಮ ವಾದಕ್ಕೇನು? ಈ ತೋಟದ ಮಾತು ಈ ತೋಟಕ್ಕೆ ನಿಂತೇ ಇರುತ್ತದೆ. ಆಪ್ಷನ್ ಕೇಳಲು ಗಟ್ಟಿ, ಆದರೆ ವಾದಕ್ಕೆ ಅಷ್ಟು ಗಟ್ಟಿ ಬೇಕಾಗಿಲ್ಲ.

ಇಲ್ಲಿ ಕನ್ನಡದಲ್ಲಿ ಓದುವವರಿಗೆ ಮಾತ್ರ ಎದುರಾಗುವ ಒಂದು ಪೇಚಿದೆ. ನೋಟ್ಸು ಅದನ್ನು ಗಮನಿಸಿಯೇ ಇಲ್ಲ. 'ಎಲ್ಲ ವಿದ್ಯಾರ್ಥಿಗಳೂ ಪಾಸಾದರು' ಎಂಬುದರ ನಿಷೇಧಕ್ಕೆ ನೋಟ್ಸಿನ 31ನೇ ಪುಟ 'ಎಲ್ಲ ವಿದ್ಯಾರ್ಥಿಗಳೂ ಪಾಸಾಗಲಿಲ್ಲ' ಎಂದು ಬರೆಯುತ್ತದೆ. ಈ ವಾಕ್ಯವನ್ನು ಹತ್ತು ಜನರಿಗೆ ಓದಿ ಹೇಳಿದರೆ ಕೆಲವರು 'ಒಬ್ಬರೂ ಪಾಸಾಗಲಿಲ್ಲ' ಎಂದು ತಿಳಿಯುತ್ತಾರೆ, ಕೆಲವರು 'ಪಾಸಾಗದವರೂ ಇದ್ದಾರೆ' ಎಂದು. ನಮ್ಮ ಕ್ರಿಯಾಪದದ ಕೊನೆಯ 'ಇಲ್ಲ' ಎರಡು ಕಡೆಗೂ ವಾಲುತ್ತದೆ. ತರ್ಕಕ್ಕೆ ಬೇಕಾದದ್ದು ಎರಡನೆಯದು. ಉಪಾಯ ಸುಲಭ. ಕ್ರಿಯಾಪದವನ್ನು ಮುಟ್ಟದೆ ಇಡೀ ವಾಕ್ಯದ ಕೊನೆಗೆ 'ಎಂಬುದು ಸುಳ್ಳು' ಎಂದು ಸೇರಿಸಿ, ಆಮೇಲೆ ಅದನ್ನು 'ಒಬ್ಬನಾದರೂ' ಎಂದು ಬಿಡಿಸಿ ಹೇಳಿಕೊಳ್ಳಿ. ಎಲ್ಲರೂ ಪಾಸಾದರು ಎಂಬುದು ಸುಳ್ಳು, ಅಂದರೆ ಒಬ್ಬನಾದರೂ ಫೇಲಾಗಿದ್ದಾನೆ. 'ಕೆಲವರು ಪಾಸಾದರು' ಎಂಬುದು ಸುಳ್ಳಾದರೆ ಮಾತ್ರ 'ಒಬ್ಬರೂ ಪಾಸಾಗಲಿಲ್ಲ'.

'ಕೆಲವು' ಎಂಬುದೂ ಹೀಗೇ ಕಾಡುತ್ತದೆ. 'ಕೆಲವು ಬಾಳೆ ಹಣ್ಣಾಗಿವೆ' ಎಂದರೆ ಉಳಿದವು ಕಾಯಿ ಎಂದೇ ನಾವು ಕೇಳಿಸಿಕೊಳ್ಳುತ್ತೇವೆ. ತರ್ಕದಲ್ಲಿ 'ಕೆಲವು' ಎಂದರೆ ಕನಿಷ್ಠ ಒಂದು, ಎಲ್ಲವೂ ಹಣ್ಣಾಗಿದ್ದರೂ ಆ ವಾಕ್ಯ ಸತ್ಯವೇ. 'ಮಾತ್ರ' ಇನ್ನೂ ನಾಜೂಕು. 'ಮಳೆ ಬಂದರೆ ಗದ್ದೆ ಹೂಡುತ್ತಾರೆ', 'ಮಳೆ ಬಂದರೆ ಮಾತ್ರ ಗದ್ದೆ ಹೂಡುತ್ತಾರೆ', 'ಮಳೆ ಬಂದರೇ ಗದ್ದೆ ಹೂಡುವುದು'. ಮೊದಲನೆಯದರಲ್ಲಿ ಮಳೆ ಸಾಕಾಗುವ ಕಾರಣ, ಉಳಿದೆರಡರಲ್ಲಿ ಬೇಕಾಗುವ ಶರತ್ತು. ಒಂದು 'ಏ'ಕಾರದ ದೀರ್ಘ ಅರ್ಥವನ್ನೇ ತಿರುಗಿಸುತ್ತದೆ. ಅಚ್ಚಿನಲ್ಲಿ ಅದು ಬಿಟ್ಟುಹೋದರೆ ಪ್ರಶ್ನೆಯೇ ಬೇರೆಯಾಯಿತು. ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ದೋಷಗಳು ದೊಡ್ಡ ವಿವಾದವಾಗಿ 2024ರ ಡಿಸೆಂಬರ್‌ನಲ್ಲಿ ಮರುಪರೀಕ್ಷೆಯೇ ನಡೆಯಬೇಕಾಯಿತು. ಹಾಗಾಗಿ ಇದು ವ್ಯಾಕರಣ ಪಂಡಿತರ ತಂಟೆ ಎಂದು ತಳ್ಳಿಹಾಕುವ ವಿಷಯವಲ್ಲ. 'ಎಲ್ಲ', 'ಕೆಲವು', 'ಮಾತ್ರ', 'ಹೊರತು' ಇರುವ ಕಡೆ ಪಕ್ಕದ ಇಂಗ್ಲಿಷ್ ವಾಕ್ಯವನ್ನೂ ಒಮ್ಮೆ ನೋಡುವ ರೂಢಿ ಒಳ್ಳೆಯದು.

ಮೂರನೇ ಭಾನುವಾರ ಕಾರಣ ಮತ್ತು ಸಂಬಂಧ. ಇಲ್ಲಿನ ಉದಾಹರಣೆಯ ಆಯ್ಕೆಗೆ ಭೇಷ್ ಎನ್ನಲೇಬೇಕು. 'ಮಂಗಗಳು ಸತ್ತುಬಿದ್ದ ಕಾಡಿನಂಚಿನ ಊರುಗಳಲ್ಲೇ ಜನರಿಗೆ ಜ್ವರ ಬಂದಿದೆ. ಆದ್ದರಿಂದ ಮಂಗಗಳೇ ಜನರಿಗೆ ಜ್ವರ ಹಚ್ಚುತ್ತಿವೆ. ಮಂಗಗಳನ್ನು ದೂರ ಸಾಗಿಸಿದರೆ ಜ್ವರ ನಿಲ್ಲುತ್ತದೆ.' 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇದು. ಹರಡುವುದು ರಕ್ತ ಹೀರುವ ಉಣುಗಿನಿಂದ, ಮಂಗವೂ ಮನುಷ್ಯನಂತೆ ಅದಕ್ಕೆ ಬಲಿ. ಮಲೆನಾಡಿನಲ್ಲಿ ಇದು ಗೊತ್ತಿಲ್ಲದವರು ಕಡಿಮೆ.

ಗೊತ್ತಿರುವುದೇ ಇಲ್ಲಿ ಅಪಾಯ. ಆಪ್ಷನ್‌ನಲ್ಲಿ 'ಉಣುಗು' ಎಂಬ ಪದ ಕಂಡ ಕೂಡಲೇ ಕೈ ಅಲ್ಲಿಗೆ ಹೋಗುತ್ತದೆ. ಪರೀಕ್ಷೆ ಕೀಟಶಾಸ್ತ್ರ ಕೇಳುತ್ತಿಲ್ಲ. ಮಂಗದ ಸಾವು ಮತ್ತು ಜನರ ಜ್ವರ ಎರಡಕ್ಕೂ ಮೂರನೆಯದೊಂದು ಕಾರಣ ಇರಬಹುದೆಂಬುದನ್ನು ವಾದ ಕಡೆಗಣಿಸಿದೆ, ಇಷ್ಟೇ ಬೇಕಾದ ಉತ್ತರ. ಆ ಮೂರನೆಯದು ಉಣುಗೋ ನೀರೋ ಎಂಬುದು ಪ್ರಶ್ನೆಗೆ ಸಂಬಂಧಿಸಿಲ್ಲ. ತರಗತಿಯಲ್ಲಿ ಇದನ್ನು ಸರಿಯಾಗಿ ಒತ್ತಿ ಹೇಳುತ್ತಾರೆ. ಆದರೆ ನೋಟ್ಸು 'ಸಂಬಂಧವೇ ಕಾರಣವಲ್ಲ' ಎಂಬ ಶೀರ್ಷಿಕೆ ಕೊಟ್ಟು ಒಂದೇ ಬಿರುಕು ತೋರಿಸಿ ನಿಲ್ಲಿಸಿಬಿಟ್ಟಿದೆ. ಈ ವಾದದಲ್ಲಿ ಬಿರುಕು ಎರಡಿವೆ. ಕೊನೆಯ ವಾಕ್ಯ ಕಾರಣದಿಂದ ಪರಿಹಾರಕ್ಕೆ ಹಾರುತ್ತದೆ. ಮಂಗಗಳೇ ಕಾರಣ ಎಂದು ಒಪ್ಪಿಕೊಂಡರೂ ಅವು ಆಗಲೇ ಹಚ್ಚಿಹೋದದ್ದು ಉಳಿದಿಲ್ಲ, ಬೇರೆ ದಾರಿಯಿಂದ ಜ್ವರ ಬರುವುದಿಲ್ಲ ಎಂಬ ಗೃಹೀತಗಳು ಉಳಿದೇ ಇವೆ. ತೀರ್ಮಾನ ಎರಡು ಮೆಟ್ಟಿಲಲ್ಲಿ ಬಂದಾಗ ಪ್ರಶ್ನೆ ಕೇಳುವವರು ಹೆಚ್ಚಾಗಿ ಎರಡನೇ ಮೆಟ್ಟಿಲಲ್ಲೇ ಬಲೆ ಹಾಕುತ್ತಾರೆ.

ನಾಲ್ಕನೆಯದು ಸಂಖ್ಯೆ, ಶೇಕಡಾವಾರು ಮತ್ತು ಮಾದರಿ. ಪಾಠ ಚೆನ್ನಾಗಿ ಶುರುವಾಗಿ ಉತ್ತರಸೂಚಿಯಲ್ಲಿ ಮುಳುಗುತ್ತದೆ. 57ನೇ ಪುಟದ ಪ್ರಶ್ನೆ ನೋಡಿ: 'ರಾಶಿ ಅಡಿಕೆಯ ದರ ಕಳೆದ ವರ್ಷಕ್ಕಿಂತ ಶೇ 20 ಏರಿದೆ. ಆದ್ದರಿಂದ ಬೆಳೆಗಾರರಿಗೆ ರಾಶಿ ಮಾರಾಟದಿಂದ ಬಂದ ಒಟ್ಟು ಹಣ ಹೆಚ್ಚಾಗಿದೆ.' ವಾದಕ್ಕೆ ಬೇಕೇ ಬೇಕಾದ ಗೃಹೀತ ಯಾವುದು? ಸೂಚಿ ಕೊಡುವ ಉತ್ತರ, 'ಮಾರಾಟವಾದ ಅಡಿಕೆಯ ಪ್ರಮಾಣ ಕಳೆದ ವರ್ಷಕ್ಕಿಂತ ಕಡಿಮೆಯಾಗಿಲ್ಲ'.

ತಪ್ಪು. ನಿಷೇಧ ಪರೀಕ್ಷೆಯನ್ನು ಇದೇ ತರಗತಿ ಎರಡು ವಾರ ಹಿಂದೆ ಕಲಿಸಿದೆ, ಅದನ್ನೇ ಹಚ್ಚಿ ನೋಡಬಹುದಿತ್ತು. ಪ್ರಮಾಣ ಶೇ 5 ಕಡಿಮೆಯಾಗಿದೆ ಎನ್ನಿ. 1.20ಕ್ಕೆ 0.95 ಗುಣಿಸಿದರೆ 1.14, ಹಣ ಶೇ 14 ಹೆಚ್ಚೇ ಆಯಿತು. ಪ್ರಮಾಣ ಇಳಿದರೂ ವಾದ ನಿಂತಿತು, ಹಾಗಾಗಿ ಆ ಆಪ್ಷನ್ ಬೇಕೇ ಬೇಕಾದದ್ದಲ್ಲ. ಪ್ರಮಾಣ ಶೇ 20 ಇಳಿದರೆ 0.96, ಆಗ ಹಣ ಕಡಿಮೆ. ಗಡಿ ಇರುವುದು ಸುಮಾರು ಶೇ 16.7ರ ಇಳಿಕೆಯಲ್ಲಿ. ಆದ್ದರಿಂದ ಸರಿಯಾದ ಉತ್ತರ, 'ಪ್ರಮಾಣದಲ್ಲಿ ಇಳಿಕೆ ಆಗಿದ್ದರೂ ಅದು ದರದ ಏರಿಕೆಯನ್ನು ನುಂಗಿಹಾಕುವಷ್ಟಿಲ್ಲ'. ಸೂಚಿಯ ಆಪ್ಷನ್ ನಿಜವಾದರೆ ತೀರ್ಮಾನ ಖಂಡಿತ ಬರುತ್ತದೆ, ಅಂದರೆ ಅದು ಸಾಕಾಗುವ ಗೃಹೀತ. ಬೇಕಾಗುವುದು ಬೇರೆ, ಸಾಕಾಗುವುದು ಬೇರೆ. ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್ ಇವೆರಡನ್ನೂ ಬೇರೆ ಬೇರೆ ಪ್ರಶ್ನೆಯಾಗಿ ಕೇಳುತ್ತದೆ. 'ಯಾವುದನ್ನು ಒಪ್ಪಿದರೆ ತೀರ್ಮಾನ ತಾನಾಗಿ ಬರುತ್ತದೆ' ಎಂದಿದ್ದರೆ ಗಟ್ಟಿ ಆಪ್ಷನ್ ಹಿಡಿಯಬೇಕು, 'ವಾದ ಯಾವುದನ್ನು ಅವಲಂಬಿಸಿದೆ' ಎಂದಿದ್ದರೆ ಮೆದುವಾದದ್ದನ್ನು. ಪ್ರಶ್ನೆಯ ಈ ಒಂದು ಸಾಲನ್ನು ಮೊದಲು ಓದಿ ಆಮೇಲೆ ವಾದಕ್ಕೆ ಬರಬೇಕೆಂದು ನೋಟ್ಸಿನಲ್ಲಿ ಎಲ್ಲೂ ಇಲ್ಲ.

ಇದೇ ಅಧ್ಯಾಯದಲ್ಲಿ ಮಾದರಿಯ ದೋಷಕ್ಕೆ ಬಸ್ ಸ್ಟ್ಯಾಂಡಿನಲ್ಲಿ ನಡೆಸಿದ ಸಮೀಕ್ಷೆಯ ಉದಾಹರಣೆ ಇದೆ. ಬಸ್ಸಿಗೆ ಕಾದವರನ್ನು ಕೇಳಿ 'ಊರಿನ ಜನರೆಲ್ಲ ಬಸ್ಸನ್ನೇ ನೆಚ್ಚಿದ್ದಾರೆ' ಎನ್ನುವುದು. ಸರಿ, ಸರಳ. ಇದಕ್ಕಿಂತ ಒಳ್ಳೆಯ ಉದಾಹರಣೆ ಅವರದೇ ಕರಪತ್ರದಲ್ಲಿತ್ತು: 'ನಮ್ಮಲ್ಲಿ ಓದಿದ 40 ಮಂದಿ ಆಯ್ಕೆಯಾಗಿದ್ದಾರೆ, ನೀವೂ ಆಗಬಹುದು.' ಎಷ್ಟು ಮಂದಿಯಲ್ಲಿ ನಲವತ್ತು? ಅವರಲ್ಲಿ ಎಷ್ಟು ಮಂದಿ ಬೇರೆ ಕಡೆಯೂ ಓದಿದ್ದರು? ಇಲ್ಲಿಗೆ ಬರದಿದ್ದರೆ ಆಗುತ್ತಿರಲಿಲ್ಲ ಎನ್ನಲು ಆಧಾರವೇನು? ಆಯ್ಕೆಯಾಗದವರ ಫೋಟೋ ಯಾವ ಬ್ಯಾನರಿನಲ್ಲಿದೆ? ಮೊದಲ ದಿನದ ಅಭ್ಯಾಸಕ್ಕೆ ಇದೊಂದು ಸಾಕಿತ್ತು.

ಐದನೇ ಭಾನುವಾರ ನ್ಯಾಯಶಾಸ್ತ್ರ, ಅಂದರೆ ಕಾನೂನಲ್ಲ, ನಮ್ಮ ಹಳೆಯ ತರ್ಕಶಾಸ್ತ್ರ. ಸ್ಪರ್ಧಾತ್ಮಕ ಪರೀಕ್ಷೆಯ ತರಗತಿಯಲ್ಲಿ ಇದೇಕೆ ಎಂದು ಮೂಗು ಮುರಿಯುವುದು ಬೇಡ. 'ಬೆಟ್ಟದಲ್ಲಿ ಬೆಂಕಿ ಇದೆ, ಹೊಗೆ ಕಾಣುವುದರಿಂದ' ಎಂಬ ಹಳೆಯ ಅನುಮಾನವನ್ನು ತಿರುವುಮುರುವು ಮಾಡಿ, 'ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ' ಎಂದರೆ ಏನು ತಪ್ಪು ಎಂದು ಕೇಳುತ್ತಾರೆ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಆ ಹಸಿ ಸೌದೆಯೇ ಉಪಾಧಿ. ಹೊಗೆ ಇರುವಲ್ಲೆಲ್ಲ ಅದು ಇರುತ್ತದೆ, ಬೆಂಕಿ ಇರುವಲ್ಲೆಲ್ಲ ಇರುವುದಿಲ್ಲ. ಜುಲೈ ತಿಂಗಳಲ್ಲಿ ಒಲೆ ಹೊತ್ತಿಸಿದ ಮಲೆನಾಡಿನವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ವಾದಿ ಹೇಳದೆ ಬಿಟ್ಟ ಶರತ್ತನ್ನು ಹೊರಗೆಳೆಯುವುದೇ ಉಪಾಧಿ ತೋರಿಸುವುದು. ಎಲ್‌ಸ್ಯಾಟ್, ನಮ್ಮ ದೇಶದ ಕಾನೂನು ಪ್ರವೇಶ ಪರೀಕ್ಷೆ ಕ್ಲಾಟ್ ಕೇಳುವುದಕ್ಕೆ ತೀರಾ ಹತ್ತಿರದ ಕಸುಬು. ಈ ಒಂದು ಉದಾಹರಣೆ ಮನಸ್ಸಿನಲ್ಲಿ ಕೂತವರು ಪ್ರತಿ ವಾದದಲ್ಲೂ 'ಹಸಿ ಸೌದೆ ಎಲ್ಲಿದೆ?' ಎಂದು ಕೇಳತೊಡಗುತ್ತಾರೆ.

ಎಡವಟ್ಟಾಗುವುದು ಆ ಮೇಲೆ. ಐದು ಹೇತ್ವಾಭಾಸಗಳನ್ನೂ, ಅಂದರೆ ನ್ಯಾಯಶಾಸ್ತ್ರ ಹೇಳುವ ಹೇತುವಿನ ದೋಷಗಳನ್ನೂ ಎಳೆದು ತಂದು ಇಂದಿನ ಪರೀಕ್ಷೆಯ ದೋಷಗಳ ಪಟ್ಟಿಗೆ ಒಂದಕ್ಕೊಂದು ಜೋಡಿಸಿದ್ದಾರೆ. ಸವ್ಯಭಿಚಾರ ಹೊಂದುತ್ತದೆ. ಹೇತು (ಕೊಟ್ಟ ಕಾರಣ) ಇದ್ದೂ ಸಾಧ್ಯ (ಸಾಧಿಸಬೇಕಾದದ್ದು) ಇಲ್ಲದ ಜಾಗ ತೋರಿಸಿದರೆ ವಾದ ಬಿದ್ದಂತೆ. ಅಸಿದ್ಧ (ಹೇತುವೇ ಇಲ್ಲದ್ದು), ಬಾಧಿತ (ಬೇರೆ ಪ್ರಮಾಣದಿಂದ ಸಾಧ್ಯವೇ ಸುಳ್ಳಾದದ್ದು) ಹೊಂದುವುದಿಲ್ಲ, ಅದಕ್ಕೆ ಕಾರಣವೂ ಇದೆ. ಆಗುಂಬೆ ಘಾಟಿಯಲ್ಲಿ ಬೆಳಿಗ್ಗೆ ಬೆಟ್ಟದ ಮೇಲೆ ಬೆಳ್ಳಗೆ ಏಳುವುದನ್ನು ನೋಡಿ ಯಾರಾದರೂ ಹೊಗೆ ಎಂದರೆ, ನೈಯಾಯಿಕ 'ಅದು ಹೊಗೆಯಲ್ಲ, ಮಂಜು, ನಿನ್ನ ಹೇತುವೇ ಅಸಿದ್ಧ' ಎನ್ನಬಹುದು. ಪರೀಕ್ಷೆಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಗದ್ಯದಲ್ಲಿ 'ಹೊಗೆ ಇದೆ' ಎಂದು ಆಧಾರವಾಗಿ ಬರೆದಿದ್ದರೆ ಹೊಗೆ ಇದೆ, ಮುಗಿಯಿತು. ಆಧಾರ ಸುಳ್ಳು ಎನ್ನುವ ಆಪ್ಷನ್ ಇಂಥ ಪ್ರಶ್ನೆಯಲ್ಲಿ ಉತ್ತರವಾಗುವುದಿಲ್ಲ. ಆಧಾರದಿಂದ ತೀರ್ಮಾನಕ್ಕೆ ಹೋದ ದಾರಿಯನ್ನಷ್ಟೇ ಪ್ರಶ್ನಿಸಬೇಕು. ನೋಟ್ಸಿನ ಕೋಷ್ಟಕವನ್ನು ಬಾಯಿಪಾಠ ಮಾಡಿದವರು ಆಧಾರವನ್ನೇ ಅಲ್ಲಗಳೆಯಲು ಹೋಗಿ ಅಂಕ ಕಳೆದುಕೊಳ್ಳುತ್ತಾರೆ. ಪಕ್ಕದಲ್ಲೇ ಇನ್ನೊಂದು ಗೊಂದಲವಿದೆ. ನ್ಯಾಯಶಾಸ್ತ್ರದ 'ಅನುಮಾನ' ಎಂದರೆ ಆಧಾರದಿಂದ ತೆಗೆದ ತಿಳಿವು, ಬೀದಿಯಲ್ಲಿ 'ಅನುಮಾನ' ಎಂದರೆ ಸಂಶಯ. 64 ಮತ್ತು 65ನೇ ಪುಟಗಳಲ್ಲಿ ಎರಡೂ ಅರ್ಥ ಬೆರೆತುಹೋಗಿವೆ.

ಆರು, ಏಳನೇ ಭಾನುವಾರ ಆಸನ ವ್ಯವಸ್ಥೆ, ರಕ್ತಸಂಬಂಧ, ದಿಕ್ಕು. ಯಾವ ಗೈಡಿನಲ್ಲಾದರೂ ಸಿಗುವಂಥದ್ದು, ಈ ತರಗತಿಯ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಅದರ ನಡುವೆ ತುರುಕಿರುವ ಒಂದು ನಿಯಮಕ್ಕೆ ಮಾತ್ರ ಉತ್ತರ ಕೊಡಬೇಕು. 'ಆಪ್ಷನ್‌ನಲ್ಲಿ ಮಾತ್ರ, ಎಲ್ಲ, ಯಾವಾಗಲೂ, ಬೇರೆ ದಾರಿಯಿಲ್ಲ ಎಂಬ ಪದಗಳಿದ್ದರೆ ಹೊಡೆದು ಹಾಕಿ' ಎನ್ನುತ್ತದೆ ಅದು. ಈ ವಾದಕ್ಕೆ ಹಚ್ಚಿ ನೋಡಿ: 'ಈ ಊರಿಗೆ ಬರುವ ಒಂದೇ ಬಸ್ಸು ನಿಂತುಹೋಗಿದೆ. ಇನ್ನು ಇಲ್ಲಿನ ಮಕ್ಕಳು ಹೈಸ್ಕೂಲಿಗೆ ಹೋಗಲು ಸಾಧ್ಯವೇ ಇಲ್ಲ.' ಇದಕ್ಕೆ ಬೇಕಾದ ಗೃಹೀತ 'ಹೈಸ್ಕೂಲು ತಲುಪಲು ಬಸ್ಸಿನ ಹೊರತು ಬೇರೆ ದಾರಿಯಿಲ್ಲ'. ನಿಯಮ ಪಾಲಿಸಿದವನು ಸರಿಯುತ್ತರವನ್ನೇ ಹೊಡೆದು ಹಾಕಿದ. ತೀರ್ಮಾನ ಎಷ್ಟು ಗಟ್ಟಿಯೋ ಗೃಹೀತವೂ ಅಷ್ಟೇ ಗಟ್ಟಿಯಾಗಿರಬಹುದು. ಅಳೆಯಬೇಕಾದದ್ದು ಆಪ್ಷನ್‌ನ ಗಡಸುತನವನ್ನಲ್ಲ, ತೀರ್ಮಾನಕ್ಕೂ ಅದಕ್ಕೂ ಇರುವ ತಾಳೆಯನ್ನು.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಒಂದೇ ಪದಕ್ಕೆ ಬೇರೆ ಬೇರೆ ಪರೀಕ್ಷೆಗಳು ಬೇರೆ ಅರ್ಥ ಕೊಡುತ್ತವೆ ಎಂಬುದನ್ನು ತರಗತಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಬ್ಯಾಂಕ್ ಪರೀಕ್ಷೆಯ ಹೇಳಿಕೆ ಮತ್ತು ಗೃಹೀತ ಪ್ರಶ್ನೆಯಲ್ಲಿ ವಾದವೇ ಇರಬೇಕಾಗಿಲ್ಲ. 'ಜೋಗಕ್ಕೆ ಬರುವವರು ವಾಹನವನ್ನು ನಿಗದಿತ ಜಾಗದಲ್ಲೇ ನಿಲ್ಲಿಸಬೇಕು' ಎಂಬ ಫಲಕವಿದ್ದರೂ ಸಾಕು. ಫಲಕ ಹಾಕಿದವರು ಏನನ್ನು ಇದ್ದದ್ದೇ ಎಂದುಕೊಂಡಿದ್ದಾರೆ ಎಂಬುದು ಪ್ರಶ್ನೆ. ಜನ ವಾಹನದಲ್ಲಿ ಬರುತ್ತಾರೆ, ಓದಿದವರಲ್ಲಿ ಕೆಲವರಾದರೂ ಪಾಲಿಸುತ್ತಾರೆ ಎಂಬುವು ಸರಿ. 'ಎಲ್ಲರೂ ಪಾಲಿಸುತ್ತಾರೆ' ಎಂಬುದು ಬೇಕಿಲ್ಲ. ಯುಪಿಎಸ್‌ಸಿ ಪೂರ್ವಭಾವಿಯ ಎರಡನೇ ಪತ್ರಿಕೆಯಾದ ಸಿಸ್ಯಾಟ್‌ನಲ್ಲಿ ಪುಟ್ಟ ಗದ್ಯ ಕೊಟ್ಟು 'ಇದರ ಆಧಾರದ ಮೇಲೆ ಕೆಳಗಿನ ಗೃಹೀತಗಳನ್ನು ಮಾಡಲಾಗಿದೆ, ಯಾವುದು ಸರಿ' ಎನ್ನುತ್ತಾರೆ. ಅಲ್ಲಿ ಗದ್ಯದ ಮಾತಿನಿಂದ ಎಷ್ಟಕ್ಕೆ ಬೆಂಬಲ ಸಿಗುತ್ತದೆ ಎಂಬ ತೂಕವೂ ಸೇರಿಕೊಳ್ಳುತ್ತದೆ. ನಿಷೇಧ ಪರೀಕ್ಷೆ ಒಂದನ್ನೇ ನೆಚ್ಚಿಕೊಂಡರೆ ಅಲ್ಲಿ ಕೈಕೊಡುತ್ತದೆ. ಜೊತೆಗೆ ಆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕ್ಲಾಟ್‌ನಲ್ಲಿ ಸುಮಾರು 450 ಪದದ ಗದ್ಯಕ್ಕೆ ಸರಣಿಯಾಗಿ ಪ್ರಶ್ನೆಗಳು, ತರ್ಕದ ಪಾಲು 120ರಲ್ಲಿ 22ರಿಂದ 26. ಎಲ್‌ಸ್ಯಾಟ್‌ನಲ್ಲಿ 2024ರ ಆಗಸ್ಟ್‌ನಿಂದ ಒಗಟಿನ ಭಾಗ ತೆಗೆದುಹಾಕಿ, ಅಂಕಕ್ಕೆ ಲೆಕ್ಕವಾಗುವ ತರ್ಕದ ಭಾಗಗಳನ್ನು ಎರಡು ಮಾಡಿದ್ದಾರೆ. ಪ್ರತಿ ಭಾಗಕ್ಕೆ 35 ನಿಮಿಷ, 25ರ ಆಸುಪಾಸು ಪ್ರಶ್ನೆ. ಒಂದಕ್ಕೆ ಒಂದೂವರೆ ನಿಮಿಷವೂ ಇಲ್ಲ. ಕರಪತ್ರದಲ್ಲಿ ಮಾತ್ರ 'ಎಲ್ಲ ಪರೀಕ್ಷೆಗೂ ಒಂದೇ ಸೂತ್ರ' ಎಂದಿದೆ.

ಎಂಟನೇ ಭಾನುವಾರದ ಮಾಕ್ ಟೆಸ್ಟಿಗೂ ಇದೇ ರೋಗ. 60 ನಿಮಿಷ, 50 ಪ್ರಶ್ನೆ, ಎಲ್ಲಕ್ಕೂ ತಪ್ಪಿಗೆ ಕಾಲು ಅಂಕ ಕಡಿತ. ಕ್ಲಾಟ್‌ಗೆ ಅದು ಸರಿ. ಸಿಸ್ಯಾಟ್‌ನಲ್ಲಿ ಪ್ರಶ್ನೆಗೆ 2.5 ಅಂಕ, ತಪ್ಪಿಗೆ ಅದರ ಮೂರನೇ ಒಂದು ಭಾಗ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ನಾಲ್ಕು ಆಪ್ಷನ್‌ನಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೆ ಕಾಲು ಕಡಿತದಲ್ಲಿ ಸರಾಸರಿ ತುಸು ಲಾಭ, ಮೂರನೇ ಒಂದರ ಕಡಿತದಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ. ಒಂದು ಆಪ್ಷನ್ ಖಚಿತವಾಗಿ ಹೊಡೆದು ಹಾಕಲು ಸಾಧ್ಯವಾದರೆ ಎರಡರಲ್ಲೂ ಗುರುತು ಹಾಕುವುದೇ ಲೇಸು. ಎಲ್‌ಸ್ಯಾಟ್‌ನಲ್ಲಿ ಕಡಿತವೇ ಇಲ್ಲ, ಒಂದನ್ನೂ ಖಾಲಿ ಬಿಡಬಾರದು. ಎಲ್ಲರಿಗೂ ಒಂದೇ ಟೆಸ್ಟ್ ಬರೆಸಿ ರ್‍ಯಾಂಕ್ ಹಚ್ಚುವುದರಿಂದ ಯಾರಿಗೂ ಅವರವರ ಪರೀಕ್ಷೆಯ ಅಂದಾಜು ಸಿಗುವುದಿಲ್ಲ.

ಇನ್ನೊಂದು ಬಿಟ್ಟುಹೋದ ವಿಷಯ, ದೋಷ ಕೇಳುವ ಪ್ರಶ್ನೆಗಳ ಭಾಷೆ. 'ಆಧಾರವಿಲ್ಲದೆ ಒಪ್ಪಿಕೊಂಡಿದೆ' ಮತ್ತು 'ಸಾಧ್ಯತೆಯನ್ನು ಕಡೆಗಣಿಸಿದೆ' ಎಂಬ ಎರಡು ಬಗೆಯ ಆಪ್ಷನ್‌ಗಳು ಒಂದೇ ನಾಣ್ಯದ ಎರಡು ಮುಖ. ಬೇರೆ ವ್ಯತ್ಯಾಸ ಇಲ್ಲವೆಂದು ಒಪ್ಪಿಕೊಂಡಿದೆ ಎಂದರೂ ಒಂದೇ, ಬೇರೆ ವ್ಯತ್ಯಾಸ ಇರಬಹುದೆಂಬುದನ್ನು ಕಡೆಗಣಿಸಿದೆ ಎಂದರೂ ಒಂದೇ. ಇಂಥ ಆಪ್ಷನ್‌ಗೆ ಎರಡು ಪ್ರಶ್ನೆ ಕೇಳಬೇಕು. ವಾದ ನಿಜಕ್ಕೂ ಹಾಗೆ ಮಾಡಿದೆಯೇ? ಮಾಡಿದ್ದರೆ ಅದರಿಂದ ತೀರ್ಮಾನಕ್ಕೆ ಪೆಟ್ಟು ಬೀಳುತ್ತದೆಯೇ? 'ಪದವನ್ನು ಎರಡು ಅರ್ಥದಲ್ಲಿ ಬಳಸಿದೆ', 'ಸುತ್ತಿ ಬಳಸಿ ತೀರ್ಮಾನವನ್ನೇ ಆಧಾರ ಮಾಡಿದೆ' ಎಂಬ ಆಪ್ಷನ್‌ಗಳು ಓದಲು ಗಂಭೀರವಾಗಿದ್ದು, ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಗುವುದು ಹೆಚ್ಚು. ದೋಷಗಳ ಹೆಸರು ಬಾಯಿಪಾಠ ಮಾಡಿಸುವ ನೋಟ್ಸು ಇಂಥ ಗಂಭೀರ ಆಪ್ಷನ್‌ಗಳಿಗೇ ವಿದ್ಯಾರ್ಥಿಯನ್ನು ಒಪ್ಪಿಸಿಬಿಡುತ್ತದೆ.

ಹಾಗಾದರೆ ಸೇರಬೇಕೇ? ಕನ್ನಡ ಮಾಧ್ಯಮದಿಂದ ಬಂದು ಈ ಬಗೆಯ ಪ್ರಶ್ನೆಯನ್ನು ಮೊದಲ ಸಲ ನೋಡುವವರಿಗೆ ಮೊದಲ ಮೂರು ವಾರದ ಪೆನ್ಸಿಲ್ ಕೆಲಸ ಬೇರೆ ಕಡೆ ಸುಲಭದಲ್ಲಿ ಸಿಗುವುದಿಲ್ಲ. ಅರ್ಧ ಬ್ಯಾಚಿಗೆ ಅರ್ಧ ಶುಲ್ಕ ಒಪ್ಪುತ್ತಾರೆಯೇ ಎಂದು ಕೇಳಿ ನೋಡಬಹುದು. ಕ್ಲಾಟ್‌ಗೆ ಆಗಲೇ ಓದುತ್ತಿರುವವರು 3,200 ರೂಪಾಯಿ ಉಳಿಸಿಕೊಳ್ಳಲಿ. ಹಳೆಯ ಸಿಸ್ಯಾಟ್ ಮತ್ತು ಕ್ಲಾಟ್ ಪ್ರಶ್ನೆಪತ್ರಿಕೆಗಳು ಆಯಾ ಸಂಸ್ಥೆಗಳ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ದಿನಕ್ಕೆ ಹತ್ತು ಪ್ರಶ್ನೆ ಸಾಕು. ಆದರೆ ಆಪ್ಷನ್‌ಗಳನ್ನು ಕಾಗದದಿಂದ ಮುಚ್ಚಿ, ಬಿರುಕನ್ನು ಮೊದಲು ಸ್ವಂತ ಮಾತಿನಲ್ಲಿ ಒಂದು ಸಾಲು ಬರೆದು, ಆಮೇಲೆ ತೆರೆಯಬೇಕು. ತಪ್ಪಿದ ಪ್ರಶ್ನೆಗಳಿಗೆ ಒಂದು ನೋಟ್‌ಬುಕ್ ಇಟ್ಟು ತೀರ್ಮಾನ, ನೀವು ಬರೆದ ಬಿರುಕು, ಆರಿಸಿದ ಆಪ್ಷನ್‌ನ ನಿಷೇಧ, ಸರಿಯುತ್ತರದ ನಿಷೇಧ ಎಂದು ನಾಲ್ಕು ಕಾಲಂ ಹಾಕಿ. ಮೂರನೇ ಮತ್ತು ನಾಲ್ಕನೇ ಕಾಲಂ ಅಕ್ಕಪಕ್ಕ ಕೂತಾಗ ತಪ್ಪಿದ್ದೆಲ್ಲಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಜೆರಾಕ್ಸ್ ಪ್ರತಿಯನ್ನು ಆಗಲೇ ಕೊಂಡವರು ಇಷ್ಟು ತಿದ್ದಿಕೊಳ್ಳಿ. ಪುಟ 31ರ ನಿಷೇಧ ವಾಕ್ಯಗಳನ್ನೆಲ್ಲ 'ಒಬ್ಬನಾದರೂ', 'ಒಂದಾದರೂ' ಹಾಕಿ ಮತ್ತೆ ಬರೆಯಿರಿ. ಪುಟ 57ರ ಉತ್ತರವನ್ನು ಮೇಲಿನಂತೆ ಬದಲಿಸಿ. ಪುಟ 66ರ ಹೇತ್ವಾಭಾಸದ ಕೋಷ್ಟಕದಲ್ಲಿ ಸವ್ಯಭಿಚಾರದ ಸಾಲು ಬಿಟ್ಟು ಉಳಿದದ್ದಕ್ಕೆ ಗೆರೆ ಎಳೆಯಿರಿ. ಪುಟ 83ರಲ್ಲಿ 'ಲಿಂಗನಮಕ್ಕಿ ಜಲಾಶಯ ಭರ್ತಿಯಾಗಿ 1,819 ಅಡಿ ಮುಟ್ಟಿದರೆ ಗೇಟು ತೆಗೆಯುತ್ತಾರೆ, ಗೇಟು ತೆಗೆದಿದ್ದಾರೆ, ಆದ್ದರಿಂದ 1,819 ಮುಟ್ಟಿದೆ' ಎಂಬ ವಾದಕ್ಕೆ 'ದೋಷವಿಲ್ಲ' ಎಂದು ಅಚ್ಚಾಗಿದೆ. ಒಳಹರಿವು ಜೋರಾದಾಗ ಮೊದಲೇ ತೆಗೆದಿರಬಹುದು. ಅದನ್ನು 'ದೋಷವಿದೆ' ಎಂದು ತಿದ್ದಿ.